ಷಟರಿನ ಕೆಳಗೆ ಒಂದು ಗೇಣು

ಫೆಬ್ರವರಿ 9

ತಮ್ಮಾ,

ಅಕ್ಷರ ನೋಡಿ ಗಾಬರಿ ಬೀಳಬೇಡ. ಕೋಳಿ ಕೆದರಿದ್ದಲ್ಲ, ನಾನೇ ಬರೆದಿದ್ದು. ನಾಲ್ಕನೇ ಕ್ಲಾಸಿನ ಮೇಷ್ಟ್ರು "ನಿನ್ನ ಅಕ್ಷರ ದೇವರೇ ಓದಬೇಕು" ಅಂದಿದ್ರಲ್ಲ, ಆಮೇಲೆ ನಾನು ಶಾಲೆ ಕಡೆ ಹೋಗಲಿಲ್ಲ. ದೇವರಿಗೆ ಯಾಕೆ ಸುಮ್ನೆ ತೊಂದರೆ ಅಂತ.

ನೀನು ಎಲ್ಲಿದೀಯ ಅಂತ ಹೆಂಗೆ ಗೊತ್ತಾಯ್ತು ಅಂತೀಯಾ? ನಿನ್ನ ಕಾಲು ಹೇಳ್ತು. ನಿಮ್ಮ ಊರಿನ ಬಸ್ ಡ್ರೈವರ್ ಒಬ್ಬ ಶೂ ಹೊಲಿಸೋಕೆ ನಮ್ಮ ಅಂಗಡಿಗೆ ಬಂದಿದ್ದ. ನಾನು ಎಂದಿನಂತೆ ಬಾಯಿ ಬಿಟ್ಟೆ. ಜನರ ಕಾಲಿನ ಚೆಂದ ಹೇಳ್ತಾ ಹೇಳ್ತಾ, "ನಮ್ಮ ತಮ್ಮಂದು ಎಡಗಾಲಿನ ಕಿರುಬೆರಳು ಪಕ್ಕದ ಬೆರಳ ಮೇಲೆ ಹತ್ತಿ ಕೂತಿದೆ, ಅಣ್ಣನ ಹೆಗಲ ಮೇಲೆ ಕೂತು ಜಾತ್ರೆ ನೋಡೋ ಹಾಗೆ" ಅಂದೆ. ಅವನು ಕೂತಲ್ಲೇ ನೆಟ್ಟಗಾದ. "ನಮ್ಮ ಡಿಪೋದಲ್ಲಿ ಬಸ್ ತೊಳೆಯೋನೊಬ್ಬ ಇದಾನೆ, ನೀರಲ್ಲಿ ಬರಿಗಾಲಲ್ಲಿ ನಿಂತಿರ್ತಾನೆ, ಅವನ ಬೆರಳೂ ಹಂಗೇ" ಅಂದ. ಮುಖ ಬಚ್ಚಿಟ್ಕೊಂಡು ಇಷ್ಟು ವರ್ಷ ಓಡಾಡಿದೆ, ಪೆದ್ದ, ಕಾಲು ಬಚ್ಚಿಡೋದು ಮರೆತುಬಿಟ್ಟೆ.

ಅಪ್ಪನಿಗೆ ಈಗ ಎರಡೂ ಕಣ್ಣು ಹೋಗಿವೆ. ಆದ್ರೂ ಅಂಗಡಿಗೆ ಬರಲೇಬೇಕು. ಮೂಲೇಲಿ ಅದೇ ಗಿಡ್ಡ ಸ್ಟೂಲು. ಬಂದವರ ಕಾಲು ಮುಟ್ಟಿ, "ಏನಮ್ಮ, ಮಂಡಿನೋವು ಜಾಸ್ತಿಯಾಯ್ತಾ? ಬಲಗಾಲಿನ ಮೇಲೆ ಭಾರ ಹಾಕ್ತಿದೀಯ" ಅಂತಾರೆ. ಜನ ಡಾಕ್ಟರ್ ಹತ್ರ ಹೋಗೋದು ಬಿಟ್ಟು ಇಲ್ಲಿಗೇ ಬರ್ತಿದಾರೆ.

ಒಂದೇ ಹಠ. ಸಂಜೆ ಅಂಗಡಿ ಮುಚ್ಚುವಾಗ ಷಟರ್ ಪೂರ್ತಿ ಇಳಿಸೋಕೆ ಬಿಡಲ್ಲ. ಕೆಳಗೆ ಕೈ ಇಟ್ಟು ಅಳೆದು ನೋಡ್ತಾರೆ, ಒಂದು ಗೇಣು ಬಿಟ್ಟಿರಬೇಕು. "ಅವನು ಬಂದ್ರೆ ತಟ್ಟಿ ಕರೆಯೋಕೆ ನಾಚಿಕೆ ಪಡ್ತಾನೆ. ಸುಮ್ನೆ ಎತ್ತಿಕೊಂಡು ಒಳಗೆ ಬರಲಿ" ಅಂತಾರೆ. ನೀನು ಹೋದಾಗಿಂದ ಇದೇ. ಊರಿನ ಕಳ್ಳರಿಗೆಲ್ಲ ನಮ್ಮ ಮೇಲೆ ಎಷ್ಟು ಗೌರವ ಅಂದ್ರೆ, ಇಷ್ಟು ಸುಲಭದ ಅಂಗಡೀಲಿ ಕದಿಯೋದು ಅವಮಾನ ಅಂತ ಯಾರೂ ಬಂದೇ ಇಲ್ಲ.

ನೀನು ಅವತ್ತು ಗಿರಾಕಿಗಳ ಮುಂದೆ "ಊರಿನವರ ಕಾಲಿನ ನಾತ ಕುಡಿಯೋ ಅಪ್ಪ ನಂಗೆ ಬೇಡ" ಅಂತ ಬಿಚ್ಚಿಟ್ಟು ಹೋದ ಬೂಟು ಮೇಲಿನ ಹಲಗೆ ಮೇಲೇ ಇದೆ. ಪಾಲಿಶ್ ನಾನಲ್ಲ, ಅವರೇ ಮಾಡ್ತಾರೆ.

ಒಂದು ಸಲ ಬಂದು ಹೋಗೋ.

ನಿನ್ನ ಅಣ್ಣ,
ಹಳೇ ಚಪ್ಪಲಿಗಳ ಡಾಕ್ಟರ್


ಫೆಬ್ರವರಿ 27

ಅಣ್ಣ,

ಡ್ರೈವರ್ ಕೈಗೆ ಕಾಗದ ಕೊಟ್ಟು ಕಳಿಸಬೇಡ. ಡಿಪೋದಲ್ಲಿ ಎಲ್ಲರೂ ಕೇಳ್ತಾರೆ.

ಮದುವೆ ಆಗುವಾಗ ಹುಡುಗಿ ಮನೆಯವರು ನಿಮ್ಮಪ್ಪ ಏನು ಮಾಡ್ತಾರೆ ಅಂದ್ರು. ಸತ್ತು ಹೋದ್ರು ಅಂದೆ. ಯಾವಾಗ ಅಂದ್ರು. ಒಂದು ತಾರೀಖು ಹೇಳಿದೆ. ಅವರು ದೈವಭಕ್ತರು, ವರ್ಷಾ ವರ್ಷಾ ಆ ತಾರೀಖಿಗೆ ಚರ್ಚಿನ ಸಭೇಲಿ ಅಪ್ಪನ ಹೆಸರು ಹೇಳಿ ಪ್ರಾರ್ಥನೆ ಮಾಡಿಸ್ತಿದ್ರು. ನಾನು ಮುಂದಿನ ಬೆಂಚಲ್ಲಿ ತಲೆ ತಗ್ಗಿಸಿ ಕೂತಿರ್ತಿದ್ದೆ. ಹೆಂಡತಿ ನನ್ನ ಕುಡಿತ ತಾಳಲಾರದೆ ಬಿಟ್ಟು ಹೋಗಿದಾಳೆ. ಮಗಳು ಈಗಲೂ ಆ ದಿನ ತಾತನಿಗೆ ಅಂತ ಹೂ ಇಡ್ತಾಳೆ.

ಬದುಕಿರೋ ಅಪ್ಪನನ್ನ ಹೂತಿಟ್ಟೋನು ನಾನು. ಯಾವ ಕಾಲು ಹೊತ್ತುಕೊಂಡು ಬರಲಿ? ಷಟರ್ ಇಳಿಸಿಬಿಡಿ.

ತಮ್ಮ


ಮಾರ್ಚ್ 6

ಲೋ ತಮ್ಮಾ,

ಅಪ್ಪನನ್ನ ಸಾಯಿಸಿದ್ದೀಯ ಅಂತ ಕೇಳಿ ಒಂದು ನಿಮಿಷ ನಗು ಬಂತು, ಸತ್ಯವಾಗಿ. ಇಲ್ಲಿ ಮುದುಕ ನಿನ್ನೆ ತಾನೇ ಟೀಲಿ ಸಕ್ಕರೆ ಕಮ್ಮಿ ಅಂತ ನನ್ನ ಮೇಲೆ ಸುತ್ತಿಗೆ ಎತ್ತಿದ್ರು. ಸತ್ತವರಿಗೆ ಇಷ್ಟು ಕೋಪ ಇರಲ್ಲ.

ಆಮೇಲೆ ನಗು ನಿಂತುಹೋಯ್ತು. ಯಾಕೆ ಅಂತ ಹೇಳ್ತೀನಿ.

ಅಪ್ಪ ನೀನು ಹೋದಾಗಿಂದ ಪ್ರಭುವಿನ ಮೇಜಿಗೆ ಹೋಗಿಲ್ಲ. ಭಾನುವಾರ ಸಭೆಗೆ ಬರ್ತಾರೆ, ಹಾಡ್ತಾರೆ, ಎಲ್ಲರೂ ಎದ್ದು ಯೇಸುಸ್ವಾಮಿಯ ನೆನಪಿಗೆ ಕೊಡೋ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋಕೆ ಹೋದಾಗ ಇವರು ಬೆಂಚು ಹಿಡಿದು ಕೂತಿರ್ತಾರೆ. "ಮನೇಲಿ ಮುನಿಸು ಇಟ್ಕೊಂಡು ಬರಬೇಡ, ಮೊದಲು ಹೋಗಿ ರಾಜಿ ಆಗು ಅಂತ ಯೇಸುಸ್ವಾಮಿ ಹೇಳಿಲ್ವಾ? ನನ್ನ ಮಗನ ಜೊತೆ ರಾಜಿ ಆಗಿಲ್ಲ. ಒಬ್ಬ ಇನ್ನೂ ಬಂದಿಲ್ಲ" ಅಂತಾರೆ. ಪಾದ್ರಿ ಎಷ್ಟೋ ಸಲ ಹೇಳಿದ್ರು: "ಮುನಿಸ್ಕೊಂಡಿರೋನು ಅವನು, ನೀವಲ್ಲ. ದೇವರು ನಿಮ್ಮ ಮನಸ್ಸು ನೋಡ್ತಾನೆ." ಅಪ್ಪ, "ನೀವು ಶೂ ಹೊಲಿಯೋದು ನಂಗೆ ಹೇಳಿಕೊಡಬೇಡಿ ಸ್ವಾಮಿ" ಅಂದ್ರು. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಪಾದ್ರಿಗೂ ಗೊತ್ತಾಗಲಿಲ್ಲ, ನಂಗೂ ಗೊತ್ತಾಗಲಿಲ್ಲ.

ಈಗ ಎದೆಯಲ್ಲಿ ನೀರು ತುಂಬಿದೆ ಅಂತ ಡಾಕ್ಟರ್ ಹೇಳ್ತಾರೆ. ಬೇಸಿಗೆ ದಾಟಿದ್ರೆ ದೊಡ್ಡದು. ನೀನು ಬರದೇ ಇದ್ರೆ ಅಪ್ಪ ಆ ರೊಟ್ಟಿ ಮುಟ್ಟದೇ ಹೋಗ್ತಾರೆ. ಅದು ಅವರಿಗೆ ಏನು ಅಂತ ನಿಂಗೆ ಗೊತ್ತು. ಬಸ್ ತೊಳೆಯೋನಿಗೆ ಬಸ್ ಹತ್ತೋಕೆ ಬರಲ್ವಾ?

ನಿನ್ನ ಅಣ್ಣ,
ಸುತ್ತಿಗೆಯಿಂದ ತಪ್ಪಿಸಿಕೊಂಡವನು


ಮೇ 18

ತಮ್ಮಾ,

ಆಮೇಲೆ ಇನ್ನೊಂದು ಕಾಗದಾನೂ ಬರೆದೆ, ಎರಡಕ್ಕೂ ಉತ್ತರ ಇಲ್ಲ. ಸರಿ. ಇನ್ನು ಬರಬೇಕಾಗಿಲ್ಲ. ನೀನು ಬಂದಾಯ್ತು.

ಹೆಂಗೆ ಅಂತ ಹೇಳ್ತೀನಿ ಕೇಳು, ನಗಬೇಡ. ನಕ್ಕರೂ ಸರಿ.

ಕಳೆದ ವಾರ ಅಪ್ಪನಿಗೆ ಉಸಿರೇ ಸಿಗ್ತಿರಲಿಲ್ಲ. ಮಾತು ನಿಲ್ಲೋ ಹಾಗಾಗಿತ್ತು. ಡ್ರೈವರ್ ಬಂದಿದ್ದ. ಅವನದೂ ನಿನ್ನ ವಯಸ್ಸೇ, ನಿಮ್ಮ ಊರಿನ ರಾಗ ಮಾತಲ್ಲಿ. ನನ್ನ ತಲೇಲಿ ಒಂದು ಹುಳ ಎದ್ದು ಕೂತುಕೊಳ್ತು.

"ನೀನು ಹತ್ತು ನಿಮಿಷ ನನ್ನ ತಮ್ಮ ಆಗು" ಅಂದೆ.

"ಅಣ್ಣಾ, ನಂಗೆ ಸುಳ್ಳು ಹೇಳೋಕೆ ಬರಲ್ಲ."

"ಬಸ್ ಈಗ ಹೊರಡುತ್ತೆ, ಈಗ ಹೊರಡುತ್ತೆ ಅಂತ ದಿನಾ ಹೇಳ್ತೀಯಲ್ಲ, ಅದೇನು ವೇದವಾಕ್ಯನಾ?"

ಒಪ್ಪಿಕೊಂಡ. ಒಳ್ಳೆಯವನು, ಒಳ್ಳೆಯವರನ್ನ ಒಪ್ಪಿಸೋದು ಸುಲಭ. ಕಾಲಿಂದು ಮಾತ್ರ ನಂಗೆ ಭಯ. ಶೂ ಬಿಚ್ಚಬೇಡ ಅಂತ ಹೇಳಿದ್ದೆ. ಒಳಗೆ ಕರ್ಕೊಂಡು ಹೋಗಿ, "ಅಪ್ಪಾ, ಯಾರು ಬಂದಿದಾನೆ ಗೊತ್ತಾ?" ಅಂದೆ ಅಷ್ಟೇ. ಅವರು ಎದ್ದು ಕೂತರು ಕಣೋ! ಮೂರು ದಿನದಿಂದ ನಾನು ಎತ್ತಿ ಕೂರಿಸ್ತಿದ್ದವರು, ತಾವೇ ಎದ್ದರು. ಎರಡೂ ಕೈ ಚಾಚಿ ಅವನ ಮುಖ ಹಿಡಿದುಕೊಂಡ್ರು. "ಇಳಿದು ಹೋಗಿದೀಯಲ್ಲೋ" ಅಂದ್ರು. ಡ್ರೈವರ್ ಹಂದಿ ಥರ ದಪ್ಪ ಇದಾನೆ, ಪಾಪ.

ಆಮೇಲೆ ಅಪ್ಪ ಹೇಳಿದ್ದು ಇದು: "ಅವತ್ತು ನಾನು ತಲೆ ಎತ್ತಿ ನೋಡಲಿಲ್ಲ, ಕರೀಲೂ ಇಲ್ಲ. ಬಾಯಲ್ಲಿ ಮೊಳೆ ಇತ್ತು ಕಣೋ. ಕರೆಯೋಕೆ ಆಗಲಿಲ್ಲ." ಉಸಿರು ಎಳೆದುಕೊಂಡು, "ಉಗುಳಬಹುದಿತ್ತು. ಉಗುಳಲಿಲ್ಲ. ಅದು ನನ್ನ ಪಾಪ" ಅಂದ್ರು.

ನಿಂಗೆ ನೆನಪಿದೆಯಲ್ಲ, ಬೂಟಿಗೆ ಹಿಮ್ಮಡಿ ಹೊಡೆಯುವಾಗ ಮೊಳೆಯೆಲ್ಲ ತುಟಿ ನಡುವೆ ಕಚ್ಚಿಕೊಂಡಿರ್ತಾರೆ. ನಾನು ಪಕ್ಕದಲ್ಲೇ ಇದ್ದೆ ಅವತ್ತು, ನಂಗೂ ಇದು ಗೊತ್ತಿರಲಿಲ್ಲ.

ಕೈ ಕೆಳಗೆ ಇಳೀತು, ಕಾಲು ಹುಡುಕ್ತು. "ಗಾಯ ಆಗಿದೆ ಅಪ್ಪಾ, ಮುಟ್ಟಬೇಡಿ" ಅಂದೆ. ತಕ್ಷಣ ಕೈ ಹಿಂದೆ ತಗೊಂಡ್ರು. "ನೋವು ಮಾಡಲ್ಲ" ಅಂದ್ರು. ಡ್ರೈವರ್ ಹೊರಗೆ ಹೋಗಿ ಬಸ್ಸಲ್ಲಿ ಕೂತು ಅತ್ತ. ಪ್ಯಾಸೆಂಜರ್‌ಗಳೆಲ್ಲ ಯಾರೋ ಸತ್ತಿದಾರೆ ಅಂದುಕೊಂಡ್ರು.

ಭಾನುವಾರ ಪಾದ್ರಿ ಮನೆಗೇ ರೊಟ್ಟಿ ತಂದ್ರು. ಮಗ ಬಂದಿದ್ದು ನಾಟಕ ಅಂತ ಅವರಿಗೆ ನಾನು ಹೇಳಲಿಲ್ಲ. ಅಪ್ಪ ತಗೊಂಡ್ರು. ಒಂದು ಚೂರೂ ಕೆಳಗೆ ಬೀಳದ ಹಾಗೆ ಅಂಗೈ ನೆಕ್ಕಿದ್ರು. ಈಗ ಉಸಿರಾಟ ಸುಧಾರಿಸಿದೆ, ಡಾಕ್ಟರಿಗೇ ಆಶ್ಚರ್ಯ. ಮತ್ತೆ ಅಂಗಡಿಗೆ ಬರ್ತಾರೆ. ಷಟರ್ ಪೂರ್ತಿ ಇಳಿಸೋಕೆ ಅವರೇ ಹೇಳಿದಾರೆ. ಮೊದಲನೇ ದಿನ ಅದು ಕೆಳಗೆ ಹೋಗ್ಲೇ ಇಲ್ಲ, ಆ ಗೇಣಿನ ಜಾಗ ಪೂರ್ತಿ ತುಕ್ಕು ಹಿಡಿದಿತ್ತು. ಎಣ್ಣೆ ಹಾಕಿ, ಒದ್ದು, ಇಳಿಸಿದೆ.

ನೀನು ಆರಾಮಾಗಿರು. ನಿನ್ನ ಕೆಲಸ ಬೇರೆಯವನು ಮಾಡಿ ಮುಗಿಸಿದಾನೆ.

ನಿನ್ನ ಅಣ್ಣ,
ನಾಟಕ ಕಂಪನಿ ಮಾಲೀಕ


ಜೂನ್ 2

ಅಣ್ಣ,

ನಿನ್ನ ಕಾಗದ ಬಂದ ದಿನ ನನ್ನ ಜೇಬಲ್ಲಿ ಟಿಕೆಟ್ ಇತ್ತು.

ಉತ್ತರ ಬರೀಲಿಲ್ಲ, ಯಾಕಂದ್ರೆ ಉತ್ತರ ಬರೆದ್ರೆ ಬರೋದು ತಪ್ಪಿಸಿಕೊಳ್ತೀನಿ ಅಂತ ನಂಗೆ ಗೊತ್ತಿತ್ತು. ಕುಡಿಯೋದು ಬಿಟ್ಟೆ. ಮಗಳನ್ನ ಕೂರಿಸಿಕೊಂಡು ತಾತ ಬದುಕಿದಾರೆ ಅಂದೆ. "ಹಾಗಾದ್ರೆ ನಾನು ಯಾರಿಗೆ ಹೂ ಇಡ್ತಿದ್ದೆ?" ಅಂದ್ಲು. ಎದ್ದು ಅಮ್ಮನ ಮನೆಗೆ ಹೋದ್ಲು. ಇನ್ನೂ ಮಾತಾಡಿಲ್ಲ.

ಆದ್ರೂ ಬರೋನಿದ್ದೆ. ಬಾಗಿಲಲ್ಲಿ ನಿಂತು ಹೇಳಬೇಕಾದ್ದನ್ನ ಬಸ್ ತೊಳೀತಾ ತೊಳೀತಾ ಬಾಯಿಪಾಠ ಮಾಡ್ತಿದ್ದೆ.

ಬಾಯಲ್ಲಿ ಮೊಳೆ ಇತ್ತು. ಆ ಒಂದು ಮಾತು ಇಷ್ಟು ವರ್ಷ ನಂಗೆ ಬೇಕಿತ್ತು, ಅಣ್ಣ. ಅವತ್ತು ಬೀದಿ ತಿರುವಿನಲ್ಲಿ ನಾನು ನಿಂತಿದ್ದೆ. ಕರೀತಾರೇನೋ ಅಂತ ಬರಿಗಾಲಲ್ಲಿ ನಿಂತಿದ್ದೆ. ಸುತ್ತಿಗೆ ಸದ್ದು ಮಾತ್ರ ಕೇಳಿಸ್ತು. ಆ ಮಾತನ್ನ ಒಬ್ಬ ಡ್ರೈವರ್ ಕಿವಿಗೆ ಹಾಕಿಸಿಬಿಟ್ಯಲ್ಲ.

ಈಗ ನಾನು ಬಂದ್ರೆ ಮೊದಲು ಬಂದೋನು ಸುಳ್ಳು ಅಂತ ಅಪ್ಪನಿಗೆ ಗೊತ್ತಾಗುತ್ತೆ. ಸುಳ್ಳು ನಂಬಿ ಪ್ರಭುವಿನ ರೊಟ್ಟಿ ಮುಟ್ಟಿದೆ ಅಂತ ಗೊತ್ತಾಗುತ್ತೆ. ಅಪ್ಪ ಅದನ್ನ ತಾಳ್ತಾರಾ? ಬಂದ್ರೆ ಅವರ ನೆಮ್ಮದಿ ಹೋಗುತ್ತೆ. ಬರದಿದ್ರೆ ನಂದು. ನಂದು ಮೊದಲೇ ಇರಲಿಲ್ಲ, ಬಿಡು.

ಟಿಕೆಟ್ ವಾಪಸ್ ಕೊಟ್ಟೆ.

ತಮ್ಮ


ಜೂನ್ 11

ತಮ್ಮಾ,

ನಿನ್ನ ಕಾಗದ ಓದಿ ಅಂಗಡಿ ಹಿಂದೆ ಹೋಗಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಜೋಕ್ ಅಲ್ಲ.

ಬಾ. ನಾನೇ ಅಪ್ಪನಿಗೆ ಹೇಳ್ತೀನಿ. ಬೈದ್ರೆ ಬೈತಾರೆ, ಸುತ್ತಿಗೆ ಎತ್ತಿದ್ರೆ ಎತ್ತಲಿ. ನಿನ್ನೆ ಹೇಳೋಕೆ ಹೋದೆ. "ಅಪ್ಪಾ" ಅಂದೆ. "ಅವನ ಕಾಲಿನ ಗಾಯ ವಾಸಿಯಾಯ್ತಂತಾ?" ಅಂದ್ರು. ಟೀ ತರ್ತೀನಿ ಅಂತ ಎದ್ದು ಹೊರಗೆ ಬಂದುಬಿಟ್ಟೆ, ಊರಿಗೆಲ್ಲ ಮಾತು ಮಾರೋನು ನಾನು.

ಒಂದು ವಿಷಯ ಕೇಳು. ಬೇರೆಯವರಿಗೆ ಹೇಳಬೇಡ. ಅವತ್ತು ಅಪ್ಪ ಆ ಡ್ರೈವರ್ ಮುಖ ಹಿಡಿದುಕೊಂಡಾಗ ನಾನು ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದೆ. ಹೆಂಡತಿ ಮಕ್ಕಳು ಅಂತ ಏನೂ ಕಟ್ಟಿಕೊಳ್ಳದೆ ಈ ಮುದುಕನ ಜೊತೆ ಇಷ್ಟು ವರ್ಷ ಒಂದೇ ಅಂಗಡೀಲಿ ಕೂತಿದೀನಿ. ನನ್ನ ಮುಖ ಅವರು ಒಂದು ಸಲಾನೂ ಮುಟ್ಟಿ ನೋಡಿಲ್ಲ. ಯಾಕೆ ಮುಟ್ಟಬೇಕು, ನಾನು ಎಲ್ಲೂ ಹೋಗೇ ಇಲ್ವಲ್ಲ. ದಾರೀಲಿ ಹೋಗೋ ಡ್ರೈವರ್‌ಗೆ ಸಿಕ್ತು. ಆಗ ನಂಗೆ ಅನ್ನಿಸಿದ್ದೇನು ಗೊತ್ತಾ? ಒಳ್ಳೇದಾಯ್ತು, ಇದು ತಮ್ಮನಿಗೂ ಸಿಗಲಿಲ್ಲ ಅಂತ. ನಿಂಗೂ ಸಿಗಲಿಲ್ಲ ಅಂತ. ಅಪ್ಪನ ಮೇಲಿನ ಪ್ರೀತಿಗೇ ಆ ಆಟ ಕಟ್ಟಿದೆ ಅಂದುಕೊಂಡಿದ್ದೆ. ಅರ್ಧ ಅಷ್ಟೇ ಅನ್ಸುತ್ತೆ.

ಬಾರೋ. ತಡ ಮಾಡಬೇಡ.

ಅಣ್ಣ


ಆಗಸ್ಟ್ 4

ಅಣ್ಣ,

ನಾನು ಬಂದಿದ್ದೆ. ಹೋದ ಗುರುವಾರ. ನೀನು ಇರಲಿಲ್ಲ, ಬಾಗಿಲಿಗೆ ಚೀಟಿ ಅಂಟಿಸಿದ್ದೆ: "ಡಾಕ್ಟರ್ ಹೊರಗೆ ಹೋಗಿದಾರೆ, ದೊಡ್ಡ ಡಾಕ್ಟರ್ ಒಳಗಿದಾರೆ." ನಗು ಬಂತು. ಆ ನಗು ಇಲ್ದಿದ್ರೆ ಒಳಗೆ ಹೋಗ್ತಿರಲಿಲ್ಲ.

ನೋಡಿಕೊಂಡು ಹೋಗೋಣ ಅಂತಷ್ಟೇ ಬಂದಿದ್ದು. ನನ್ನ ಚಪ್ಪಲಿ ಪಟ್ಟಿ ನಿಜವಾಗ್ಲೂ ಕಿತ್ತಿತ್ತು. ಎಡಗಾಲು ಅಪ್ಪನ ಮುಂದಿನ ಹಲಗೆ ಮೇಲೆ ಇಟ್ಟೆ. ಯಾಕೆ ಇಟ್ಟೆ ಅಂತ ಗೊತ್ತಿಲ್ಲ. ಚಪ್ಪಲಿ ಬಿಚ್ಚಿ ಕೈಗೆ ಕೊಡಬಹುದಿತ್ತು.

ಅಪ್ಪ ಕೈ ಒರೆಸಿಕೊಂಡು ಮುಟ್ಟಿದ್ರು. ಹಿಮ್ಮಡಿ, ಆಮೇಲೆ ಹೊರಗಿನ ಅಂಚು. ಕಿರುಬೆರಳ ಹತ್ರ ಬಂದು ಕೈ ನಿಂತುಬಿಡ್ತು.

"ನನ್ನ ಕಿರೀ ಮಗಂದೂ ಹಿಂಗೇ ಇತ್ತು" ಅಂದ್ರು.

"ಹೌದಾ" ಅಂದೆ. ನನ್ನ ದನಿ ನಂಗೇ ಗುರುತು ಸಿಗಲಿಲ್ಲ.

"ಅವನು ಬಂದಾಯ್ತು. ಅಣ್ಣನೇ ಕರ್ಕೊಂಡು ಬಂದಿದ್ದ." ಕೈ ತೆಗೀಲಿಲ್ಲ. "ನೀನು ಯಾರಪ್ಪ?"

ಬಾಯಿಪಾಠ ಮಾಡಿದ್ದೆಲ್ಲ ನಾಲಿಗೆ ತುದೀಲಿ ಇತ್ತು. ಅವರ ಮುಖ ನೋಡಿದೆ. ನೆಮ್ಮದಿಯಾಗಿದಾರೆ ಅನ್ನಿಸ್ತು. ಕೆಡಿಸೋಕೆ ಮನಸ್ಸು ಬರಲಿಲ್ಲ.

"ಯಾರೂ ಅಲ್ಲ. ಬಸ್ ತೊಳೆಯೋನು. ದಾರೀಲಿ ಹೋಗ್ತಿದ್ದೆ."

"ಅಪ್ಪ ಇದಾರಾ ನಿಂಗೆ?"

ಈ ಪ್ರಶ್ನೆಗೆ ನಾನು ಜೀವನಪೂರ್ತಿ ಒಂದೇ ಉತ್ತರ ಕೊಟ್ಟಿದ್ದು. ಅವತ್ತು ಮೊದಲನೇ ಸಲ "ಇದಾರೆ" ಅಂದೆ.

"ಹಾಗಾದ್ರೆ ಇಲ್ಲೇನು ಮಾಡ್ತಿದೀಯ? ಹೋಗು. ಕಾಯ್ತಿರ್ತಾರೆ."

ಪಟ್ಟಿ ಹೊಲಿದುಕೊಟ್ರು. ನಿಧಾನಕ್ಕೆ, ತುಂಬಾ ನಿಧಾನಕ್ಕೆ ಹೊಲಿದ್ರು. ಹೊಲಿದು ಮುಗಿಸಿ ಚಪ್ಪಲೀನ ಕೈಗೆ ಕೊಡಲಿಲ್ಲ, ಬಗ್ಗಿ ತಾವೇ ನನ್ನ ಕಾಲಿಗೆ ಹಾಕಿದ್ರು. ಆಮೇಲೂ ಬಾಯಿ ಅರ್ಧ ತೆರೆದು, ತಲೆ ಎತ್ತಿ, ನನ್ನ ಕಡೆಗೇ ಮುಖ ಮಾಡಿ ಕೂತಿದ್ರು. ಅವರ ಬಾಯಲ್ಲಿ ಮೊಳೆ ಇರಲಿಲ್ಲ, ಅಣ್ಣ. ಈ ಸಲ ಮೊಳೆ ನನ್ನ ಬಾಯಲ್ಲಿತ್ತು.

ಬೀದಿ ತಿರುವಿನಲ್ಲಿ ಮತ್ತೆ ನಿಂತೆ. ಆಮೇಲೆ ಬಸ್ ಹತ್ತಿದೆ.

ಅವರ ನೆಮ್ಮದಿ ಹಂಗೇ ಇರಲಿ. ನಾನು ಮಾಡಿದ ಒಂದೇ ಒಂದು ಒಳ್ಳೇ ಕೆಲಸ ಅದು. ನೀನೂ ಏನೂ ಹೇಳಬೇಡ.

ತಮ್ಮ


ಆಗಸ್ಟ್ 10

ತಮ್ಮಾ,

ಅಪ್ಪ ಹೋದ್ರು. ನಿನ್ನ ಕಾಗದ ಬಂದಿದ್ದು ಮಣ್ಣು ಮಾಡಿ ಬಂದ ಮಾರನೇ ದಿನ.

ಮುಂದೆ ಬರೆಯೋದನ್ನ ಬರೀಬಾರದು ಅಂತ ಪೆನ್ನು ಕೆಳಗೆ ಇಟ್ಟು ಎದ್ದು ಹೋಗಿದ್ದೆ. "ನೆಮ್ಮದಿಯಾಗಿ ಹೋದ್ರು" ಅಂತ ಒಂದು ಸಾಲು ಬರೆದ್ರೆ ಮುಗೀತು, ನೀನೂ ಬದುಕ್ತೀಯ. ಆದ್ರೆ ಈ ಮನೇಲಿ ಒಬ್ಬೊಬ್ಬರೂ ಇನ್ನೊಬ್ಬರ ನೆಮ್ಮದಿಗೆ ಅಂತ ಸುಳ್ಳು ಹೇಳಿ ಹೇಳಿ ಏನಾಗಿದೆ ನೋಡು. ನನ್ನ ಹತ್ರ ಇನ್ನು ಸುಳ್ಳು ಉಳಿದಿಲ್ಲ.

ಆ ಗುರುವಾರ ನಾನು ಔಷಧಿ ತಗೊಂಡು ಬಂದಾಗ ಅಪ್ಪ ಹೊಸ್ತಿಲಲ್ಲಿ ನಿಂತಿದ್ರು. ಗೋಡೆ ಹಿಡಿದು, ಬೀದಿ ಕಡೆ ಮುಖ ಮಾಡಿ. "ಯಾರಾದ್ರೂ ವಾಪಸ್ ಬರ್ತಿದಾರಾ ನೋಡು" ಅಂದ್ರು. ಬೀದಿ ಖಾಲಿ. "ಯಾರೂ ಇಲ್ಲಪ್ಪ, ನಾಯಿ ಒಂದಿದೆ, ಅದಕ್ಕೆ ಚಪ್ಪಲಿ ಬೇಡ" ಅಂದೆ. ನಗಲಿಲ್ಲ.

ಸಂಜೆ ಷಟರ್ ಇಳಿಸುವಾಗ ಕೆಳಗೆ ಕೈ ಇಟ್ರು. "ಒಂದು ಗೇಣು ಬಿಡು" ಅಂದ್ರು. "ಅವನು ಬಂದು ಹೋಗಿದಾನಲ್ಲಪ್ಪ" ಅಂದೆ. "ಬಿಡು" ಅಂದ್ರು. ಬುದ್ಧಿ ಮಂಕಾಗಿದೆ, ಹಳೇ ಅಭ್ಯಾಸ ಅಂದುಕೊಂಡೆ. ಅವರು ಮಲಗಿದ ಮೇಲೆ ಹೋಗಿ ಪೂರ್ತಿ ಇಳಿಸಿದೆ. ಈಗ ಎಣ್ಣೆ ಹಾಕಿದೆಯಲ್ಲ, ಸದ್ದೇ ಆಗಲ್ಲ.

ಭಾನುವಾರ ಎದೆ ಮತ್ತೆ ಕಟ್ಟಿಕೊಳ್ತು. ಪಾದ್ರಿ ರೊಟ್ಟಿ ತಂದ್ರು. ಅಪ್ಪ ತುಟಿ ಬಿಗಿಹಿಡಿದು ತಲೆ ಆಡಿಸಿದ್ರು. "ಯಾಕೆ, ಮಗ ಬಂದಿದಾನಲ್ಲ" ಅಂದ್ರು ಪಾದ್ರಿ. ಅಪ್ಪ ಕಷ್ಟಪಟ್ಟು ಬಾಯಿ ಬಿಟ್ಟು, "ಒಬ್ಬ ಇನ್ನೂ ಬಂದಿಲ್ಲ" ಅಂದ್ರು. ಅಷ್ಟೇ ಕೊನೇ ಮಾತು. ರೊಟ್ಟಿ ಪಾದ್ರಿ ಕೈಯಲ್ಲೇ ಉಳೀತು.

ನಿನ್ನ ಕಾಗದ ಓದಿದ ಮೇಲೆ ನಂಗೆ ಅರ್ಥ ಆಯ್ತು. ನಿನ್ನ ಬೆರಳ ಮೇಲೆ ಕೈ ಇಟ್ಟಾಗಲೇ ಅವರಿಗೆ ಎಲ್ಲಾ ಗೊತ್ತಾಗಿತ್ತು. ನೀನು ಉಳಿಸಿದೆ ಅಂದುಕೊಂಡ ನೆಮ್ಮದಿ ಅಲ್ಲಿ ಇರಲೇ ಇಲ್ಲ. ಹೋಗು ಅಂದ್ರಲ್ಲ, ಕಾಯ್ತಿರ್ತಾರೆ ಅಂತ. ಅವರು ಬೇರೆ ಯಾರ ಅಪ್ಪನ ಮಾತೂ ಆಡಿರಲಿಲ್ಲ. ನೀನು ಬಾಯಿ ಬಿಡೋಕೆ ಅಂತಲೇ ಹೊಲಿಗೆ ನಿಧಾನ ಮಾಡಿದ್ರು.

ನಿನ್ನ ಮೇಲೆ ಹಾಕ್ತಿಲ್ಲ. ಬಾಗಿಲಿಗೆ ಸುಳ್ಳು ತಂದು ನಿಲ್ಲಿಸಿದ್ದು ನಾನು.

ಪಾದ್ರಿಗೆ ಎಲ್ಲಾ ಹೇಳಿದೆ. "ನಿಮ್ಮಪ್ಪ ಹೋದ್ರೂ ಮೇಲೆ ಒಬ್ಬ ಅಪ್ಪ ಇದಾನೆ. ಅವನ ಬಾಗಿಲು ಮುಚ್ಚಿಲ್ಲ, ನಿಂಗೂ, ನಿನ್ನ ತಮ್ಮನಿಗೂ" ಅಂದ್ರು. ಇರಬಹುದು. ಒಳ್ಳೇ ಮನುಷ್ಯ, ಸುಳ್ಳು ಹೇಳೋರಲ್ಲ. ನಂಗೆ ಅಷ್ಟು ದೂರ ಕಾಣಲ್ಲ ಕಣೋ. ನಂಗೆ ಕಾಣೋದು ಈ ಷಟರ್ ಒಂದೇ.

ನಿನ್ನ ಬೂಟು ಹಲಗೆ ಮೇಲಿದೆ. ಪಾಲಿಶ್ ಮಾಡೋಕೆ ಕೂತೆ, ಬರಲಿಲ್ಲ. ಇಷ್ಟು ವರ್ಷ ಅವರು ಹೆಂಗೆ ಉಜ್ಜುತ್ತಿದ್ರು ಅಂತ ನೋಡೇ ಇಲ್ಲ ನಾನು.

ಬಾ.

ಅಣ್ಣ


ನವೆಂಬರ್ 23

ತಮ್ಮಾ,

ನಿನ್ನಿಂದ ಏನೂ ಬಂದಿಲ್ಲ. ನೀನು ಡಿಪೋ ಕೆಲಸ ಬಿಟ್ಟು ಎಲ್ಲೋ ಹೋದೆ ಅಂತ ಡ್ರೈವರ್ ಹೇಳ್ತಾನೆ. ಈ ಕಾಗದ ಅವನ ಹತ್ರ ಇರುತ್ತೆ. ಪ್ರತಿ ನಿಲ್ದಾಣದಲ್ಲೂ ಜನರ ಕಾಲು ನೋಡ್ತಾ ಬಸ್ ಓಡಿಸ್ತಿದಾನೆ, ಪಾಪ, ಯಾವತ್ತು ಯಾರಿಗೆ ಗುದ್ದುತಾನೋ.

ಇವತ್ತು ಭಾನುವಾರ. ಸಭೇಲಿ ಎಲ್ಲರೂ ಎದ್ದು ಮೇಜಿನ ಹತ್ರ ಹೋದ್ರು. ನಾನು ಬೆಂಚು ಹಿಡಿದು ಕೂತಿದ್ದೆ. ಪಾದ್ರಿ ನನ್ನ ಕಡೆ ನೋಡಿ ಮುಂದಿನವರಿಗೆ ರೊಟ್ಟಿ ಕೊಟ್ರು. ಅಪ್ಪ ಕೂರ್ತಿದ್ದ ಜಾಗ, ಮರ ಸ್ವಲ್ಪ ಸವೆದಿದೆ.

ನಿನ್ನೆ ಸಂಜೆ ಷಟರ್ ಇಳಿಸಿ ಕೆಳಗೆ ಕೈ ಇಟ್ಟು ಅಳೆದೆ. ನನ್ನ ಗೇಣು ಅಪ್ಪಂದಕ್ಕಿಂತ ಚಿಕ್ಕದು. ಅದಕ್ಕೆ ಇನ್ನೂ ಎರಡು ಬೆರಳು ಎತ್ತಿದೆ.

ರಾತ್ರಿ ಸದ್ದಾಯ್ತು, ಓಡಿ ಹೋದೆ. ಬೆಕ್ಕು. ನಿನ್ನ ಬೂಟಿನ ಪಕ್ಕ ಮಲಗಿತ್ತು. ಇರಲಿ ಅಂತ ಬಿಟ್ಟೆ.

ಅಣ್ಣ